ಹಿತ್ತಲ ಕೋಳಿಗೆ ಜಂತುಹುಳು: ಪತ್ತೆ ಮಾಡೋದು, ತಡೆಯೋದು, ಔಷಧಿ ಹಾಕೋದು

ಅಂಗಳದಲ್ಲಿ ತಿಪ್ಪೆ ಕೆದರಿಕೊಂಡು ತಿರುಗುವ ನಾಟಿ ಕೋಳಿಯ ಹೊಟ್ಟೆಯಲ್ಲಿ ನಾಲ್ಕು ಹುಳು ಇರುವುದು ಮಾಮೂಲು. ದೊಡ್ಡ ಹ್ಯಾಟೆ ಅಷ್ಟನ್ನು ತಡೆದುಕೊಂಡು ಮೊಟ್ಟೆಯನ್ನೂ ಇಡುತ್ತದೆ. ತೊಂದರೆ ಶುರುವಾಗುವುದು ಹುಳು ಜಾಸ್ತಿಯಾದಾಗ. ಅದರಲ್ಲೂ ತಾಯಿಯನ್ನು ಬಿಟ್ಟು ತಾವೇ ಮೇಯಲು ಕಲಿತ, ಇನ್ನೂ ಮೂರು ತಿಂಗಳು ತುಂಬದ ಮರಿಗಳಲ್ಲಿ. ಮೂರು ತಿಂಗಳು ದಾಟಿದ ಮೇಲೆ ಕೋಳಿಗೆ ದುಂಡು ಹುಳುವಿನ ವಿರುದ್ಧ ಒಂದಿಷ್ಟು ತಡೆಯುವ ಶಕ್ತಿ ಬರುತ್ತದೆ.

ಹೆಚ್ಚಿನವರು ಮಾಡುವುದು ಇಷ್ಟೇ: ಕೋಳಿ ಸೊರಗಿತು ಅಂದ ಕೂಡಲೇ ಅಂಗಡಿಯಿಂದ ಒಂದು ಬಾಟಲಿ ತಂದು ನೀರಿಗೆ ಹಾಕುವುದು. ಒಂದು ವಾರ ಕೋಳಿ ಚುರುಕಾಗುತ್ತದೆ, ಎರಡು ತಿಂಗಳಿಗೆ ಮತ್ತೆ ಅದೇ ಕತೆ. ಯಾಕೆ ಅಂದರೆ ಔಷಧಿ ಕೊಲ್ಲುವುದು ಹೊಟ್ಟೆಯೊಳಗಿನ ಹುಳುವನ್ನು. ನೆಲದ ಮೇಲೆ ಬಿದ್ದಿರುವ ಹುಳುವಿನ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಔಷಧಿಯ ಸರದಿ ಕೊನೆಗೆ ಬರುತ್ತದೆ.

ಮೊದಲು ಹುಳುಗಳ ಪರಿಚಯ

ನಮ್ಮ ಹಿತ್ತಲಲ್ಲಿ ಮುಖ್ಯವಾಗಿ ಸಿಗುವವು ನಾಲ್ಕು ಬಗೆ.

ದೊಡ್ಡ ದುಂಡು ಹುಳು ಎಲ್ಲರೂ ನೋಡಿರುವಂಥದ್ದು. ಆಸ್ಕರಿಡಿಯಾ ಗ್ಯಾಲಿ ಅಂತ ಅದರ ಹೆಸರು. ಬೆಳ್ಳಗೆ, ದಪ್ಪ ಶಾವಿಗೆಯ ಹಾಗೆ ಇರುತ್ತದೆ. ಹೆಣ್ಣು 12 ಸೆಂ.ಮೀ. ವರೆಗೂ ಬೆಳೆಯುತ್ತದೆ. ಸಣ್ಣ ಕರುಳಿನಲ್ಲಿ ವಾಸ. ಜಾಸ್ತಿಯಾದರೆ ಮರಿಗಳ ಕರುಳೇ ಕಟ್ಟಿಕೊಳ್ಳುತ್ತದೆ.

ಎರಡನೆಯದು ಹೆಟೆರಾಕಿಸ್. ಒಂದು, ಒಂದೂವರೆ ಸೆಂ.ಮೀ. ಉದ್ದದ ಸಣ್ಣ ಹುಳು. ಕೋಳಿಯ ಕರುಳಿನ ಕೊನೆಯಲ್ಲಿ ಜೋಡಿ ಚೀಲಗಳಿರುತ್ತವಲ್ಲ, ಆ ಕುರುಡು ಕರುಳುಗಳಲ್ಲಿ ಇರುತ್ತದೆ. ಕೋಳಿಗೆ ಇದರಿಂದ ಅಂಥ ಕಷ್ಟವಿಲ್ಲ. ಆದರೆ ಟರ್ಕಿಗೆ, ನವಿಲಿಗೆ ಇದೇ ಯಮ. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಲಾಡಿಹುಳು. ಚಪ್ಪಟೆ, ತುಂಡು ತುಂಡು ಜೋಡಿಸಿದಂಥ ಮೈ, ತಲೆಯಿಂದ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಇದು ಕೋಳಿಯಿಂದ ಕೋಳಿಗೆ ನೇರವಾಗಿ ಹರಡುವುದಿಲ್ಲ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆಯನ್ನು ಇರುವೆ, ಸಗಣಿ ಹುಳು, ನೊಣ ಅಥವಾ ಗೊಂಡೆಹುಳು ತಿನ್ನಬೇಕು. ಆ ಕೀಟವನ್ನು ಕೋಳಿ ತಿನ್ನಬೇಕು. ಯಾವ ಜಾತಿಯ ಲಾಡಿಹುಳು ಅನ್ನುವುದರ ಮೇಲೆ ಯಾವ ಕೀಟ ಅನ್ನುವುದು ನಿಂತಿದೆ. ಗೂಡಿನಲ್ಲೇ ಇರುವ ಫಾರಂ ಕೋಳಿಗಿಂತ ಬಿಟ್ಟು ಸಾಕುವ ಕೋಳಿಗೆ ಲಾಡಿಹುಳು ಜಾಸ್ತಿ ಯಾಕೆ ಅಂತ ಈಗ ಗೊತ್ತಾಯಿತಲ್ವಾ.

ನಾಲ್ಕನೆಯದು ಕೂದಲು ಹುಳು, ಕ್ಯಾಪಿಲೇರಿಯಾ. ಕೂದಲೆಳೆಯಷ್ಟು ತೆಳು. ಬರಿಗಣ್ಣಿಗೆ ಸಿಗುವುದೇ ಕಷ್ಟ, ಆದರೆ ಗಾತ್ರಕ್ಕೆ ಮೀರಿ ಹಾನಿ ಮಾಡುತ್ತದೆ. ಇದರ ಕೆಲವು ಜಾತಿಗಳು ಎರೆಹುಳುವಿನ ಮೂಲಕ ಬರುತ್ತವೆ.

ಇವಲ್ಲದೆ ಗಂಟಲಿನಲ್ಲಿ ಕೂರುವ ಸಿಂಗಾಮಸ್ ಎಂಬ ಕೆಂಪು ಹುಳುವೂ ಉಂಟು. ಗಂಡು ಹೆಣ್ಣು ಯಾವಾಗಲೂ ಅಂಟಿಕೊಂಡೇ ಇರುತ್ತವೆ. ಇದು ಬಂದ ಮರಿ ಕತ್ತು ಚಾಚಿ, ಬಾಯಿ ತೆರೆದು ಉಸಿರು ಎಳೆಯುತ್ತದೆ.

ಹುಳು ಇದೆಯೋ ಇಲ್ಲವೋ, ನೋಡುವುದು ಹೇಗೆ

ಕಣ್ಣಿಗೆ ಕಾಣುವ ಲಕ್ಷಣಗಳು ಬಹಳ ಸಾದಾ. ಜುಟ್ಟು ಬಿಳಿಚುತ್ತದೆ. ರೆಕ್ಕೆ ಜೋಲುತ್ತದೆ. ಚೆನ್ನಾಗಿ ತಿಂದರೂ ಮೈ ಹಿಡಿಯುವುದಿಲ್ಲ. ಮೊಟ್ಟೆ ಕಡಿಮೆಯಾಗುತ್ತದೆ. ಹಿಕ್ಕೆ ತೆಳ್ಳಗಾಗುತ್ತದೆ. ಕಷ್ಟ ಏನಂದರೆ ಹೇನು ಬಿದ್ದರೂ, ಮೇವು ಸಾಲದಿದ್ದರೂ ಹೀಗೇ ಆಗುತ್ತದೆ. ಹಾಗಾಗಿ ಇನ್ನೂ ಮೂರು ಕಡೆ ನೋಡಿ.

ಒಂದು, ಎದೆಮೂಳೆ. ರಾತ್ರಿ ಕೋಳಿ ಕೂತ ಮೇಲೆ ಒಂದೊಂದನ್ನೇ ಹಿಡಿದು ಎದೆಯ ನಡುಮೂಳೆಯ ಎರಡೂ ಬದಿ ಬೆರಳಾಡಿಸಿ. ಮಾಂಸ ತುಂಬಿದ್ದರೆ ಮೂಳೆ ಅಷ್ಟಾಗಿ ಸಿಗುವುದಿಲ್ಲ. ಕತ್ತಿಯ ಅಂಚಿನ ಹಾಗೆ ಕೈಗೆ ಹತ್ತಿದರೆ ಆ ಕೋಳಿ ಒಳಗೇ ಸೋತಿದೆ. ಪುಕ್ಕ ದಟ್ಟವಾಗಿರುವುದರಿಂದ ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ.

ಎರಡು, ಬೆಳಗಿನ ಹಿಕ್ಕೆ. ರಾತ್ರಿ ಕೂರುವ ಕೋಲಿನ ಕೆಳಗೆ ಒಂದು ಗೋಣಿಚೀಲವೋ ಹಳೆ ಪೇಪರೋ ಹಾಸಿಡಿ. ಬೆಳಿಗ್ಗೆ ನೋಡಿ. ಅನ್ನದ ಅಗುಳಿನಂಥ ಬಿಳಿ ಚೂರುಗಳು ಅಂಟಿದ್ದರೆ ಅವು ಲಾಡಿಹುಳುವಿನ ತುಂಡುಗಳು. ಕಂದು ಬಣ್ಣದ, ಅಂಟಂಟಾದ, ನಾತ ಹೊಡೆಯುವ ಹಿಕ್ಕೆ ನಡುನಡುವೆ ಇದ್ದರೆ ಗಾಬರಿ ಬೇಡ. ಅದು ಕುರುಡು ಕರುಳಿನಿಂದ ಬರುವಂಥದ್ದು, ಸಹಜ. ರಕ್ತ ಕಂಡರೆ ಮಾತ್ರ ಬೇರೆ ವಿಷಯ. ಅದು ಹೆಚ್ಚಾಗಿ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಅದು ಹುಳುವಲ್ಲ, ಕಣ್ಣಿಗೆ ಕಾಣದ ಒಂದು ಪರೋಪಜೀವಿ. ಜಂತುಹುಳು ಔಷಧಿ ಅದಕ್ಕೆ ತಾಗುವುದೇ ಇಲ್ಲ, ಆಂಪ್ರೋಲಿಯಂನಂಥ ಬೇರೆ ಔಷಧಿ ಬೇಕು. ಮರಿಗಳಲ್ಲಿ ಈ ಎರಡನ್ನೂ ಗೊಂದಲ ಮಾಡಿಕೊಂಡು ನಾಲ್ಕು ದಿನ ಕಳೆದರೆ ಗೂಡು ಅರ್ಧ ಖಾಲಿ.

ಮೂರನೆಯದು ನಮ್ಮ ಅಡುಗೆಮನೆಯ ಪರೀಕ್ಷೆ. ಹಬ್ಬಕ್ಕೋ ನೆಂಟರಿಗೋ ಕೋಳಿ ಕುಯ್ಯುತ್ತೇವಲ್ಲ, ಆಗ ಕರುಳನ್ನು ಸುಮ್ನೆ ನಾಯಿಗೆ ಎಸೆಯಬೇಡಿ. ಒಂದು ಅಗಲ ತಟ್ಟೆಯಲ್ಲಿಟ್ಟು ಕತ್ತರಿಯಿಂದ ಉದ್ದಕ್ಕೆ ಸೀಳಿ. ಮೇಲೆ ಸ್ವಲ್ಪ ನೀರು ಬಿಟ್ಟು ಮೆಲ್ಲಗೆ ಅಲುಗಿಸಿ. ದುಂಡು ಹುಳು ತಾನೇ ಹೊರಗೆ ಬರುತ್ತದೆ. ಲಾಡಿಹುಳು ಬರುವುದಿಲ್ಲ. ಗೋಡೆಗೆ ಕಚ್ಚಿಕೊಂಡು ನೀರಿನಲ್ಲಿ ಬಿಳಿ ಎಳೆಯಾಗಿ ತೇಲಾಡುತ್ತಿರುತ್ತದೆ. ಕರುಳಿನ ಹೊರಮೈಯಲ್ಲಿ ರಾಗಿ ಕಾಳಿನಂಥ ಗಂಟುಗಳಿದ್ದರೆ ಅದೂ ಒಂದು ಜಾತಿಯ ಲಾಡಿಹುಳುವಿನದೇ ಕೆಲಸ ಆಗಿರಬಹುದು. ಆಮೇಲೆ ಆ ಎರಡು ಕುರುಡು ಕರುಳುಗಳ ತುದಿ ಸೀಳಿ, ಒಳಗಿನದನ್ನು ಗಾಜಿನ ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ಬಿಳಿ ಸೂಜಿಗಳ ಹಾಗೆ ಹೊರಳಾಡುವವು ಹೆಟೆರಾಕಿಸ್. ಒಂದು ಆರೋಗ್ಯವಂತ ಕೋಳಿಯ ಕರುಳು ಇಡೀ ಹಿಂಡಿನ ಪರಿಸ್ಥಿತಿ ಹೇಳಿಬಿಡುತ್ತದೆ. ಹುಳು ಸಿಕ್ಕಿತು ಅಂತ ಮಾಂಸ ಬಿಸಾಡಬೇಕಿಲ್ಲ. ಈ ಹುಳುಗಳು ಮನುಷ್ಯರಿಗೆ ಹತ್ತುವುದಿಲ್ಲ.

ಒಂದು ಎಚ್ಚರಿಕೆ. ಇದು ನೀವು ಕುಯ್ದ ಕೋಳಿಗೆ ಮಾತ್ರ. ತಾನಾಗಿ ಸತ್ತ ಕೋಳಿಯನ್ನು ಮನೆಯಲ್ಲಿ ಸೀಳಬೇಡಿ.

ಹಿಂಡು ದೊಡ್ಡದಿದ್ದರೆ ಹಿಕ್ಕೆ ಪರೀಕ್ಷೆಯೇ ಒಳ್ಳೆಯದು. ಹತ್ತು ಕೋಳಿಗಳ ತಾಜಾ ಹಿಕ್ಕೆಯನ್ನು ಸ್ವಲ್ಪ ಸ್ವಲ್ಪ ತೆಗೆದು ಒಂದು ಸ್ವಚ್ಛ ಡಬ್ಬಿಗೆ ಹಾಕಿ, ಬಿಸಿಲು ತಾಗದಂತೆ ಅದೇ ದಿನ ಪಶು ಆಸ್ಪತ್ರೆಗೆ ಕೊಡಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಇಲ್ಲೆಲ್ಲ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದವರು ಅಲ್ಲಿಯೂ ಕೇಳಬಹುದು. ಪರೀಕ್ಷೆಯ ಗುಟ್ಟು ಉಪ್ಪುನೀರು. ಇನ್ನು ಉಪ್ಪು ಕರಗದು ಅನ್ನುವಷ್ಟು ಗಟ್ಟಿ ಉಪ್ಪುನೀರಿನಲ್ಲಿ ಹಿಕ್ಕೆ ಕಲಸಿದರೆ ಹುಳುವಿನ ಮೊಟ್ಟೆಗಳು ತೇಲಿ ಮೇಲೆ ಬರುತ್ತವೆ, ಅವನ್ನು ಗಾಜಿಗೆ ಹತ್ತಿಸಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಲಾಡಿಹುಳುವಿನ ಮೊಟ್ಟೆ ಇದರಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ರಿಪೋರ್ಟಿನಲ್ಲಿ ಇಲ್ಲ ಅಂತ ಬಂದರೂ ಗೋಣಿಚೀಲದ ಮೇಲೆ ಬಿಳಿ ಅಗುಳು ಕಂಡಿದ್ದರೆ ನಿಮ್ಮ ಕಣ್ಣನ್ನೇ ನಂಬಿ.

ಹತ್ತು ದಿನದ ಲೆಕ್ಕ

ಇಡೀ ವಿಷಯದ ಕೀಲಿ ಇಲ್ಲಿದೆ. ದುಂಡು ಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ಹೊರಬಿದ್ದ ದಿನವೇ ಅಪಾಯಕಾರಿ ಅಲ್ಲ. ಅದರೊಳಗೆ ಮರಿ ಬೆಳೆಯಬೇಕು. ಬೆಚ್ಚಗೆ, ತೇವವಾಗಿ ಇರುವ ಜಾಗದಲ್ಲಿ ಅದಕ್ಕೆ ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಅದಾದ ಮೇಲೆ ಕೋಳಿ ಅದನ್ನು ನುಂಗಿದರೆ ಮಾತ್ರ ಹುಳುವಾಗುತ್ತದೆ. ಆ ಹುಳು ಬೆಳೆದು ತಾನು ಮೊಟ್ಟೆ ಹಾಕಲು ಇನ್ನೂ ಐದರಿಂದ ಎಂಟು ವಾರ ಬೇಕು.

ಅಂದರೆ ವಾರಕ್ಕೊಮ್ಮೆ ಹಿಕ್ಕೆ ತೆಗೆದರೆ ಮೊಟ್ಟೆ ಹಣ್ಣಾಗುವ ಮೊದಲೇ ಅದು ಗೂಡಿನಿಂದ ಆಚೆ ಹೋಗಿರುತ್ತದೆ. ಬಾಟಲಿಗೆ ದುಡ್ಡು ಕೊಡದೆ ಆಗುವ ಕೆಲಸ ಇದು. ಬಿಟ್ಟಲ್ಲೇ ಬಿಟ್ಟರೆ ತೇವದ ನೆರಳಿನಲ್ಲಿ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಬಿರುಬಿಸಿಲು, ಒಣ ನೆಲ ಇದ್ದರೆ ಬೇಗ ಸಾಯುತ್ತದೆ. ಬಯಲುಸೀಮೆಯವರಿಗಿಂತ ಮಲೆನಾಡು, ಕರಾವಳಿಯವರಿಗೆ ಜಂತುಹುಳುವಿನ ಕಾಟ ಜಾಸ್ತಿ ಇರುವುದಕ್ಕೆ ಇದೇ ಕಾರಣ.

ಈಗ ಮಾಡಬೇಕಾದ ಕೆಲಸ.

ರಾತ್ರಿ ಗೂಡಿನ ಕೆಳಗೆ ಮೊದಲು ಗಮನ ಕೊಡಿ. ಬಿಟ್ಟು ಸಾಕುವ ಕೋಳಿ ಹಗಲಿಡೀ ಎಲ್ಲೆಲ್ಲೋ ಹಿಕ್ಕೆ ಹಾಕುತ್ತದೆ, ಅದನ್ನು ಹಿಡಿಯಲು ಆಗದು. ಆದರೆ ರಾತ್ರಿಯದೆಲ್ಲ ಒಂದೇ ಕಡೆ ಬೀಳುತ್ತದೆ. ಗೂಡನ್ನು ನೆಲದಿಂದ ಎರಡು ಮೂರು ಅಡಿ ಎತ್ತರಿಸಿ, ತಳಕ್ಕೆ ಬಿದಿರಿನ ದಬ್ಬೆ ಅಥವಾ ಅಡಿಕೆ ದಬ್ಬೆಯನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹೊಡೆಯಿರಿ. ಹಿಕ್ಕೆ ಕೆಳಗೆ ಬೀಳುತ್ತದೆ. ಸುತ್ತ ಬಲೆ ಕಟ್ಟಿ, ಕೋಳಿ ಅಲ್ಲಿಗೆ ಹೋಗಿ ಕೆದರಬಾರದು. ಕೆಳಗಿನದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಗುಡಿಸಿ.

ನೆಲದ ಮೇಲೆಯೇ ಗೂಡಿದ್ದರೆ ಭತ್ತದ ಹೊಟ್ಟು, ಮರದ ಹೊಟ್ಟು, ಕಾಫಿ ಸಿಪ್ಪೆ ಯಾವುದನ್ನಾದರೂ ನಾಲ್ಕು ಇಂಚು ಹಾಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು. ಉಂಡೆಯಾದರೆ ತೇವ ಜಾಸ್ತಿ ಅಂತ ಅರ್ಥ. ಸ್ವಲ್ಪ ಸುಣ್ಣದ ಪುಡಿ ಬೆರೆಸಿ ಕೆದರಿದರೆ ಒಣಗುತ್ತದೆ. ಸುಣ್ಣದಿಂದಲೇ ಹುಳುವಿನ ಮೊಟ್ಟೆ ಸಾಯುತ್ತದೆ ಅಂತ ನಂಬಿ ಕೂರಬೇಡಿ, ಅದರ ಚಿಪ್ಪು ಬಹಳ ಗಟ್ಟಿ. ಫಿನಾಯಿಲ್‌ಗೂ ಅದು ಜಗ್ಗುವುದಿಲ್ಲ. ಸುಣ್ಣದ ಕೆಲಸ ತೇವ ಹೀರುವುದು.

ತೆಗೆದ ಹಿಕ್ಕೆಯನ್ನು ತಿಪ್ಪೆಗೆ ಹಾಕುತ್ತೀರಿ, ಕೋಳಿ ಮತ್ತೆ ತಿಪ್ಪೆಗೇ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಶ್ರಮ ವ್ಯರ್ಥವಾಗುವುದೇ ಇಲ್ಲಿ. ಕೋಳಿ ಗೊಬ್ಬರಕ್ಕೆ ಬೇರೆ ಗುಂಡಿ ಮಾಡಿ, ಸೊಪ್ಪು ಸದೆ ಸೇರಿಸಿ ಮುಚ್ಚಿಡಿ. ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಿ ಕೊಳೆತರೆ ಮೊಟ್ಟೆಗಳು ಸಾಯುತ್ತವೆ. ಮೂರು ತಿಂಗಳ ಮೇಲೆ ತೋಟಕ್ಕೆ ಹಾಕಿ.

ಮರಿಗಳಿಗೆ ಹೊಸ ನೆಲ ಕೊಡಿ. ದೊಡ್ಡ ಕೋಳಿಗಳು ವರ್ಷಗಟ್ಟಲೆ ಕೆದರಿದ ಕೊಟ್ಟಿಗೆಯ ಮೂಲೆಯಲ್ಲಿ ಮರಿಗಳ ಮಂಕರಿ ಇಡಬೇಡಿ. ಬಿಸಿಲು ಬೀಳುವ ಬೇರೆ ಜಾಗದಲ್ಲಿಟ್ಟು ಅದನ್ನೂ ಆಗಾಗ ಬದಲಿಸಿ. ನೀರಿನ ತಟ್ಟೆ, ಮೇವಿನ ತಟ್ಟೆಯನ್ನು ಇಟ್ಟಿಗೆಯ ಮೇಲೆ ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಅದರೊಳಗೆ ಹಿಕ್ಕೆ ಬೀಳುವುದಿಲ್ಲ. ನೀರು ಚೆಲ್ಲಿ ಕೆಸರಾಗುವ ಜಾಗಕ್ಕೆ ಜಲ್ಲಿ ಹಾಕಿ.

ಮೇವಿನ ವಿಷಯ ಸಣ್ಣದಲ್ಲ. ಎ ವಿಟಮಿನ್ ಕಡಿಮೆ ಇರುವ ಕೋಳಿಯಲ್ಲಿ ದುಂಡು ಹುಳು ಜಾಸ್ತಿ ಬೇರೂರುತ್ತದೆ. ನುಗ್ಗೆ ಸೊಪ್ಪು, ಅಗಸೆ ಸೊಪ್ಪು ಕಟ್ಟಿ ತೂಗುಹಾಕಿ, ಕುಕ್ಕಿ ತಿನ್ನುತ್ತವೆ. ಬರೀ ನುಚ್ಚಿನ ಮೇಲೆ ಬೆಳೆದ ಮರಿಗೂ ಸೊಪ್ಪು, ಹಿಂಡಿ ತಿಂದ ಮರಿಗೂ ಬಹಳ ವ್ಯತ್ಯಾಸ.

ಸಂತೆಯಿಂದ ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆ ಇಡಿ. ಆಗಲೇ ಔಷಧಿ ಹಾಕಿ, ಆ ಹಿಕ್ಕೆಯನ್ನು ಬೇರೆಯಾಗಿ ಹೂಳಿ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿ ತಂದವರಿಗೂ ಇದೇ ಮಾತು. ಅವು ಬೇಗ ಬೆಳೆಯುತ್ತವೆ ನಿಜ, ಆದರೆ ಬಿಟ್ಟು ಸಾಕಿದರೆ ಹುಳು ಅವಕ್ಕೂ ರಿಯಾಯಿತಿ ಕೊಡುವುದಿಲ್ಲ.

ಯಾವ ಹುಳುವಿಗೆ ಯಾವ ಔಷಧಿ

ಪೈಪರಜೀನ್ ಹಳೆಯದು, ಅಗ್ಗದ್ದು, ಮರಿಗಳಿಗೂ ಸುರಕ್ಷಿತ. ಆದರೆ ಅದು ಕೊಲ್ಲುವುದು ದೊಡ್ಡ ದುಂಡು ಹುಳುವನ್ನು, ಅದರಲ್ಲೂ ಬೆಳೆದದ್ದನ್ನು. ಲಾಡಿಹುಳು, ಕೂದಲು ಹುಳುವಿಗೆ ಉಪಯೋಗವಿಲ್ಲ. ಬಾಟಲಿಯಿಂದ ಬಾಟಲಿಗೆ ಸಾಂದ್ರತೆ ಬೇರೆ, ಲೇಬಲ್ ನೋಡಿಯೇ ಹಾಕಿ.

ಆಲ್ಬೆಂಡಜೋಲ್ ಹೆಚ್ಚಿನ ಹುಳುಗಳಿಗೆ ಆಗುತ್ತದೆ. ಒಂದು ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ., ಲಾಡಿಹುಳು ಇದ್ದರೆ 20 ಮಿ.ಗ್ರಾಂ. ಲೆಕ್ಕ. ಪಶುಗಳಿಗೆ ಸಿಗುವ ಶೇ. 2.5ರ ದ್ರಾವಣದಲ್ಲಿ ಒಂದು ಮಿ.ಲೀ.ಗೆ 25 ಮಿ.ಗ್ರಾಂ. ಔಷಧಿ ಇರುತ್ತದೆ. ಒಂದೂವರೆ ಕೆ.ಜಿ. ಹ್ಯಾಟೆಗೆ 15 ಮಿ.ಗ್ರಾಂ. ಬೇಕು, ಅಂದರೆ 0.6 ಮಿ.ಲೀ. ಲಾಡಿಹುಳುವಿಗಾದರೆ 1.2 ಮಿ.ಲೀ. ಮನುಷ್ಯರ ಬಾಟಲಿಯ ಸಾಂದ್ರತೆ ಬೇರೆ, ಇದೇ ಲೆಕ್ಕ ಅದಕ್ಕೆ ಹಚ್ಚಬೇಡಿ. ಬಸುರಿ ಹೆಂಗಸರು ಈ ಔಷಧಿ ಮುಟ್ಟದಿರುವುದು ಒಳ್ಳೆಯದು. ಕಾವಿಗೆ ಇಡಲು ಮೊಟ್ಟೆ ಕೂಡಿಡುತ್ತಿದ್ದರೆ ಆ ಹ್ಯಾಟೆಗೂ ಆ ಹೊತ್ತಿನಲ್ಲಿ ಬೇಡ.

ಫೆನ್‌ಬೆಂಡಜೋಲ್ ಕೂಡ ಅದೇ ಕುಟುಂಬದ್ದು. ದುಂಡು ಹುಳು, ಹೆಟೆರಾಕಿಸ್, ಕೂದಲು ಹುಳುವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೂದಲು ಹುಳುವಿಗೆ ಒಂದೇ ದಿನ ಸಾಲದು, ಕೆಲವು ದಿನ ಸಾಲಾಗಿ ಕೊಡಬೇಕಾಗುತ್ತದೆ, ಅದನ್ನು ಡಾಕ್ಟರ್ ಹೇಳಲಿ. ಪುಕ್ಕ ಉದುರಿ ಹೊಸದು ಬರುವ ಕಾಲದಲ್ಲಿ ಕೊಟ್ಟರೆ ಪುಕ್ಕ ಸೊಟ್ಟಗೆ ಬರಬಹುದು. ಮನೆಯಲ್ಲಿ ಪಾರಿವಾಳವೂ ಇದ್ದರೆ ಈ ಎರಡು ಔಷಧಿಗಳನ್ನು ಅವುಗಳ ಹತ್ತಿರ ತರಬೇಡಿ, ಪಾರಿವಾಳಕ್ಕೆ ಅವು ವಿಷವಾಗುತ್ತವೆ.

ಬರೀ ಲಾಡಿಹುಳುವಿನ ಕಾಟ ಜಾಸ್ತಿ ಇದ್ದರೆ ಪ್ರಾಜಿಕ್ವಾಂಟೆಲ್ ಅತ್ಯುತ್ತಮ. ಲೆವಮಿಸೋಲ್ ಒಳ್ಳೆಯ ಔಷಧಿಯೇ, ಆದರೆ ಡೋಸಿಗೂ ವಿಷಕ್ಕೂ ಅಂತರ ಕಡಿಮೆ, ಸೊರಗಿದ ಕೋಳಿಗೆ ಅಂದಾಜಿನಲ್ಲಿ ಹಾಕಬೇಡಿ. ದನಕ್ಕೆ ತಂದು ಉಳಿದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಕೋಳಿಗೆ ಹಾಕುವ ಅಭ್ಯಾಸ ಹಲವರಿಗಿದೆ. ಲಾಡಿಹುಳುವಿಗೆ ಅದು ಕೆಲಸವೇ ಮಾಡುವುದಿಲ್ಲ, ಮೇಲೆ ಮೊಟ್ಟೆಯಲ್ಲಿ ಉಳಿಯುತ್ತದೆ.

ಮನೆಮದ್ದಿನ ಮಾತು ಬರದೆ ಇರದು. ಬೇವು, ಬೆಳ್ಳುಳ್ಳಿ, ಕುಂಬಳ ಬೀಜ, ಪರಂಗಿ ಬೀಜ ಇವೆಲ್ಲ ಮೇವಿನ ಜೊತೆ ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ. ಹುಳು ತುಂಬಿ ಎದೆಮೂಳೆ ಎದ್ದ ಕೋಳಿಯನ್ನು ಇವುಗಳ ಮೇಲೆ ಬಿಡುವುದು ಮಾತ್ರ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅಡಿಕೆಯ ವಿಷಯದಲ್ಲಿ ಇನ್ನೂ ಖಡಾಖಂಡಿತ. ಅಡಿಕೆಯಲ್ಲಿರುವ ಅರೆಕೋಲಿನ್‌ನಿಂದ ಹಿಂದೆ ನಾಯಿಗಳ ಲಾಡಿಹುಳು ಬೀಳಿಸುತ್ತಿದ್ದದ್ದು ನಿಜ. ಆದರೆ ಒಂದು ಅಡಿಕೆಯಲ್ಲಿ ಎಷ್ಟಿದೆ ಅಂತ ಅಳೆಯುವವರು ಯಾರು? ಜಾಸ್ತಿಯಾದರೆ ಹುಳುವಿನ ಜೊತೆ ಕೋಳಿಯೂ ಹೋಗುತ್ತದೆ.

ಔಷಧಿ ಹಾಕುವ ದಿನ

ಎಷ್ಟು ಸಲ? ಮರಿಗಳಿಗೆ ಏಳೆಂಟು ವಾರಕ್ಕೆ ಮೊದಲ ಡೋಸ್. ಕೊಕ್ಕರೆ ರೋಗದ (ರಾಣಿಖೇತ್ ಅಂತಲೂ ಹೇಳುತ್ತಾರೆ) ಆರ್2ಬಿ ಲಸಿಕೆ ಹಾಕಿಸುವ ಒಂದು ವಾರ ಮೊದಲು ಇದು ಮುಗಿದಿರಲಿ, ಹುಳು ತುಂಬಿದ ಮರಿಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ. ಮುಂಗಾರು ಶುರುವಾಗುವ ಮೊದಲಿನದು, ಮಳೆ ನಿಂತ ಮೇಲಿನದು ಇವೆರಡನ್ನು ತಪ್ಪಿಸಬೇಡಿ. ಒಣ ಸೀಮೆಯಲ್ಲಿ ಹಿಕ್ಕೆ ಪರೀಕ್ಷೆ ಚೆನ್ನಾಗಿ ಬಂದರೆ ಬೇಸಿಗೆಯ ಡೋಸ್ ಬಿಟ್ಟರೂ ನಡೆಯುತ್ತದೆ. ತಿಂಗಳಿಗೊಮ್ಮೆ ಹಾಕುವ ಚಟ ಬೇಡ. ಅಮೆರಿಕದ ಟರ್ಕಿ ಫಾರಂಗಳಲ್ಲಿ ಫೆನ್‌ಬೆಂಡಜೋಲ್‌ಗೆ ಬಗ್ಗದ ದುಂಡು ಹುಳುಗಳು ಆಗಲೇ ಸಿಕ್ಕಿವೆ.

ನೀರಿಗೆ ಹಾಕಬೇಕೋ, ಬಾಯಿಗೆ ಹಾಕಬೇಕೋ? ಗೂಡಿನೊಳಗಿನ ಕೋಳಿಗೆ ನೀರು ಸರಿ. ರಾತ್ರಿಯೇ ನೀರು ತೆಗೆದು, ಬೆಳಿಗ್ಗೆ ಮೂರು ನಾಲ್ಕು ಗಂಟೆಯಲ್ಲಿ ಕುಡಿದು ಮುಗಿಸುವಷ್ಟು ನೀರಿಗೆ ಮಾತ್ರ ಔಷಧಿ ಬೆರೆಸಿ. ಬಿಟ್ಟು ಸಾಕುವ ಕೋಳಿಗೆ ಇದು ನಡೆಯದು. ನೀವಿಟ್ಟ ನೀರು ಬಿಟ್ಟು ಬಚ್ಚಲ ಕಾಲುವೆಗೆ ಹೋಗುತ್ತವೆ. ಆಲ್ಬೆಂಡಜೋಲ್ ಅಂತೂ ನೀರಿನಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಜೋರಿರುವ ಹುಂಜ ಎರಡು ಪಾಲು ಕುಡಿಯುತ್ತದೆ, ಹೆದರಿ ಹಿಂದೆ ನಿಂತ ಸೊರಗಿದ ಹ್ಯಾಟೆಗೆ ಏನೂ ಸಿಗುವುದಿಲ್ಲ. ಔಷಧಿ ಬೇಕಾಗಿರುವುದೇ ಅದಕ್ಕೆ. ಇಪ್ಪತ್ತು ಮೂವತ್ತು ಕೋಳಿ ಇರುವವರು ಒಂದೊಂದಕ್ಕೇ ಬಾಯಿಗೆ ಹಾಕಿ.

ಬೆಳಕು ಹರಿಯುವ ಮೊದಲು, ಕೋಳಿ ಇನ್ನೂ ಕೋಲಿನ ಮೇಲಿರುವಾಗ ಹಿಡಿಯಿರಿ. ಮೊಬೈಲ್ ಟಾರ್ಚಿನ ಮಂದ ಬೆಳಕು ಸಾಕು. ಒಂದನ್ನು ಚೀಲಕ್ಕೆ ಹಾಕಿ ಕೊಕ್ಕೆ ತಕ್ಕಡಿಯಲ್ಲಿ ತೂಗಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಸೂಜಿ ತೆಗೆದ 2 ಮಿ.ಲೀ. ಸಿರಿಂಜಿಗೆ ಎಳೆದುಕೊಳ್ಳಿ. ಕೋಳಿಯನ್ನು ಎಡಗಂಕುಳಲ್ಲಿ ರೆಕ್ಕೆ ಸಮೇತ ಅವುಚಿಕೊಂಡು, ಕೆಳಗೊಕ್ಕಿನ ಎರಡೂ ಬದಿ ಬೆರಳಿಟ್ಟು ಬಾಯಿ ತೆಗೆಸಿ. ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಉಸಿರಿನ ದಾರಿ. ಅದಕ್ಕೆ ಒಂದು ಹನಿಯೂ ಬೀಳಬಾರದು. ಅನ್ನನಾಳ ಕೋಳಿಯ ಬಲಕ್ಕಿದೆ. ಸಿರಿಂಜಿನ ತುದಿಯನ್ನು ಆ ಬದಿಗೆ, ಸೀಳನ್ನು ದಾಟಿಸಿ ಇಟ್ಟು ಮೆಲ್ಲಗೆ ಒತ್ತಿ. ಅಷ್ಟು ಒಳಗೆ ಇಡಲು ಧೈರ್ಯ ಬರದಿದ್ದರೆ ಕೊಕ್ಕಿನ ಬದಿಯಿಂದ ಒಂದೊಂದೇ ಹನಿ ಬಿಟ್ಟು ನುಂಗುವವರೆಗೆ ಕಾಯಿರಿ. ಮುಗಿದ ಕೋಳಿಯ ಕಾಲಿಗೆ ಒಂದು ನೂಲು ಕಟ್ಟಿ, ಎರಡು ಸಲ ಹಾಕುವ ಗೊಂದಲ ತಪ್ಪುತ್ತದೆ.

ಆ ದಿನ, ಮರುದಿನ ಸಾಧ್ಯವಾದರೆ ಕೂಡಿಯೇ ಹಾಕಿ. ಸತ್ತ ಹುಳುಗಳೂ ಅವುಗಳ ಹೊಟ್ಟೆಯ ಮೊಟ್ಟೆಗಳೂ ಆಗಲೇ ಹೊರಬೀಳುವುದು. ಆ ಹಿಕ್ಕೆಯೆಲ್ಲ ಗುಡಿಸಿ ಗುಂಡಿಗೆ. ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಹಾಕಿ. ಕರುಳಿನ ಗೋಡೆಯೊಳಗೆ ಅಡಗಿದ್ದ ಎಳೆ ಹುಳುಗಳು ಅಷ್ಟರಲ್ಲಿ ಹೊರಗೆ ಬಂದಿರುತ್ತವೆ.

ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಅನ್ನುವುದು ಲೇಬಲ್ ಮೇಲೆ ಇರುತ್ತದೆ. ಕೋಳಿಗೆ ಅಂತಲೇ ಬರೆದಿರದ ಔಷಧಿ ಹಾಕಿದ್ದರೆ ಡಾಕ್ಟರನ್ನು ಕೇಳಿ. ಎರಡು ವಾರ ಬಿಡುವುದು ಎಚ್ಚರಿಕೆಯ ದಾರಿ. ಹಬ್ಬದ ಕೋಳಿಗೆ ಔಷಧಿ ಹಾಕುವ ಮೊದಲು ಕ್ಯಾಲೆಂಡರ್ ನೋಡಿ.

ಟರ್ಕಿ, ನವಿಲು

ಕೋಳಿಯ ಜೊತೆ ಟರ್ಕಿಯನ್ನೂ ಸಾಕುವವರು ಹೆಟೆರಾಕಿಸ್ ಹುಳುವನ್ನು ಹಗುರವಾಗಿ ನೋಡಬಾರದು. ಅದರ ಮೊಟ್ಟೆಯೊಳಗೆ ಹಿಸ್ಟೋಮೊನಾಸ್ ಎಂಬ ಇನ್ನೊಂದು ಜೀವಿ ಅಡಗಿ ಕೂರುತ್ತದೆ. ಆ ಮೊಟ್ಟೆಯನ್ನು ಎರೆಹುಳು ತಿನ್ನುತ್ತದೆ, ಮಳೆ ಬಿದ್ದಾಗ ಮೇಲೆ ಬಂದ ಎರೆಹುಳುವನ್ನು ಟರ್ಕಿ ತಿನ್ನುತ್ತದೆ. ಕೆಲವೇ ವಾರದಲ್ಲಿ ಗಂಧಕದಂಥ ಹಳದಿ ಹಿಕ್ಕೆ, ಜೋಲು ತಲೆ, ಸಾವು. ಪಿತ್ತಜನಕಾಂಗ, ಅಂದರೆ ಲಿವರ್ ಮೇಲೆ ದುಂಡು ದುಂಡು ಗಾಯ ಇರುತ್ತದೆ. ಕೋಳಿ ಮಾತ್ರ ಆರಾಮಾಗಿದ್ದುಕೊಂಡು ಅದನ್ನು ಹರಡುತ್ತಿರುತ್ತದೆ. ಮಣ್ಣಿನಲ್ಲಿ ಇದು ವರ್ಷಗಟ್ಟಲೆ ಉಳಿಯುತ್ತದೆ. ರೋಗ ಬಂದ ಮೇಲೆ ಭರವಸೆಯ ಔಷಧಿ ಇಲ್ಲ. ಕೋಳಿ ಓಡಾಡಿದ ನೆಲಕ್ಕೆ ಟರ್ಕಿ ಮರಿ ಬಿಡಬೇಡಿ, ಕೋಳಿಗಳಿಗೆ ತಪ್ಪದೆ ಔಷಧಿ ಹಾಕಿ, ಇವೆರಡೇ ದಾರಿ.

ನವಿಲಿಗೂ ಇದೇ ಅಪಾಯ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದು ಹಿತ್ತಲಲ್ಲಿ ನವಿಲು ಸಾಕುವವರು ಅದನ್ನು ಕೋಳಿಯ ಆವರಣದಿಂದ ಪೂರ್ತಿ ದೂರ ಇಡಬೇಕು. ನವಿಲು ಮರಿಗಳಿಗೆ ಗಂಟಲ ಹುಳುವಿನ ಕಾಟವೂ ಉಂಟು, ಬಾಯಿ ತೆರೆದು ಉಸಿರಾಡಿದರೆ ಅದನ್ನೇ ಮೊದಲು ಸಂಶಯಪಡಿ. ನಮ್ಮಲ್ಲಿ ಮಾತ್ರ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹಿಡಿದು ಸಾಕುವಂತಿಲ್ಲ. ಆದರೆ ಹೊಲದ ನವಿಲು ಕೋಳಿಯ ಮೇವಿಗೆ ಅಂಗಳಕ್ಕೆ ಬರುವುದು ಎಷ್ಟೋ ಊರುಗಳಲ್ಲಿ ದಿನದ ಮಾತು. ಕಾಳನ್ನು ಬಯಲಲ್ಲಿ ಚೆಲ್ಲದೆ ತಟ್ಟೆಯಲ್ಲಿಟ್ಟು, ಕೋಳಿ ತಿಂದ ಮೇಲೆ ತೆಗೆದಿಡಿ. ಔಷಧಿ ಬೆರೆಸಿದ ಮೇವನ್ನಂತೂ ಹೊರಗೆ ಬಿಡಲೇಬೇಡಿ. ಸೊರಗಿದ ನವಿಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಇದು ಹುಳುವಿನ ಕೆಲಸ ಅಲ್ಲ ಅನ್ನಿಸಿದಾಗ

ಜಂತುಹುಳು ನಿಧಾನವಾಗಿ ಸೊರಗಿಸುತ್ತದೆ. ಒಂದೆರಡು ದಿನದಲ್ಲಿ ನಾಲ್ಕಾರು ಕೋಳಿ ಸತ್ತರೆ, ಕತ್ತು ತಿರುಚಿಕೊಂಡರೆ, ಹಸಿರು ಹಿಕ್ಕೆ ಹಾಕಿದರೆ, ಜುಟ್ಟು ನೀಲಿಯಾದರೆ ಔಷಧಿಯ ಬಾಟಲಿ ಪಕ್ಕಕ್ಕಿಡಿ. ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಆಗಿರಬಹುದು. ಸತ್ತದ್ದನ್ನು ಕುಯ್ಯಬೇಡಿ, ತಿನ್ನಬೇಡಿ, ಉಳಿದದ್ದನ್ನು ಸಂತೆಗೆ ಒಯ್ಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಅಥವಾ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.